ಟಿ.ಸಿ.ಗೆ ಅರ್ಜಿ ಬರೆಯುವ ಮುನ್ನ

ಏಪ್ರಿಲ್ ತಿಂಗಳಲ್ಲಿ ಫಲಿತಾಂಶ ಹೇಳುವ ದಿನ ಶಾಲೆಗಳಲ್ಲಿ ಕೆಲವು ತಾಯಂದಿರನ್ನು ಮಾತ್ರ ಕೊನೆಯವರೆಗೆ ನಿಲ್ಲಿಸಿಕೊಳ್ಳುತ್ತಾರೆ. ಉಳಿದವರೆಲ್ಲ ಅಂಕಪಟ್ಟಿ ಪಡೆದು ಹೋದ ಮೇಲೆ ಅವರನ್ನು ಒಳಗೆ ಕರೆಯಲಾಗುತ್ತದೆ. ಮಾತು ಸೌಮ್ಯವಾಗಿಯೇ ಆರಂಭವಾಗುತ್ತದೆ. "ನೋಡಿ ಅಮ್ಮಾ, ನಿಮ್ಮ ಮಗ ಒಳ್ಳೆಯ ಹುಡುಗ. ಆದರೆ ನಮ್ಮ ಶಾಲೆಯ ಪಾಠಕ್ಕೆ ಅವನು ಹೊಂದಿಕೊಳ್ಳುತ್ತಿಲ್ಲ. ಬೇರೆ ಶಾಲೆಯೇ ಅವನಿಗೆ ಒಳ್ಳೆಯದು. ನೀವೇ ಟಿ.ಸಿ.ಗೆ ಒಂದು ಅರ್ಜಿ ಬರೆದುಕೊಡಿ." ಕಾಗದ ಮೇಜಿನ ಮೇಲೆ ಸಿದ್ಧವಾಗಿರುತ್ತದೆ. ಪೆನ್ನು ಇಲ್ಲದಿದ್ದರೆ ಪೆನ್ನನ್ನೂ ಅವರೇ ಕೊಡುತ್ತಾರೆ.

ಸಹೋದರಿಯರೇ, ಈ ತಿಂಗಳು ನಾನು ಮಾತಾಡಬೇಕೆಂದಿರುವುದು ಆ ಕಾಗದದ ಬಗ್ಗೆ. ಅದರಲ್ಲಿ 'ಸ್ವಂತ ಕಾರಣಗಳಿಂದಾಗಿ' ಎಂಬ ಎರಡು ಶಬ್ದ ಇದ್ದೇ ಇರುತ್ತದೆ. ನೀವು ಸಹಿ ಹಾಕಿದ ಮೇಲೆ ಶಾಲೆಯವರು ಮಗುವನ್ನು ಹೊರಗೆ ಹಾಕಿದ್ದು ಎಂದಾಗುವುದಿಲ್ಲ, ನೀವಾಗಿಯೇ ಕರೆದುಕೊಂಡು ಹೋದದ್ದು ಎಂದಾಗುತ್ತದೆ. ಮುಂದೆ ಯಾವ ಕಚೇರಿಗೆ ಹೋಗಿ ದೂರು ಕೊಟ್ಟರೂ ಆ ಕಾಗದವನ್ನೇ ತೆಗೆದು ತೋರಿಸುತ್ತಾರೆ. ಆದ್ದರಿಂದ ಆ ದಿನ ಅಲ್ಲಿ ಏನನ್ನೂ ಬರೆಯಬೇಡಿ. "ಮನೆಯಲ್ಲಿ ಮಾತಾಡಿ ತಿಳಿಸುತ್ತೇನೆ" ಎಂದಷ್ಟೇ ಹೇಳಿ ಎದ್ದು ಬನ್ನಿ.

ಹೀಗೆ ನಿಲ್ಲಿಸಿಕೊಳ್ಳುವುದು ಯಾವ ಮಕ್ಕಳ ತಾಯಂದಿರನ್ನು? ಕಣ್ಣಿಗೆ ಕಾಣುವ ಅಂಗವೈಕಲ್ಯ ಇರುವ ಮಕ್ಕಳ ಬಗ್ಗೆ ಜನರಿಗೆ ಮರುಕವಾದರೂ ಇದೆ. ಕಷ್ಟವಿರುವುದು ನೋಡಲು ಎಲ್ಲರಂತೆಯೇ ಇರುವ ಮಕ್ಕಳಿಗೆ. ಆಟದಲ್ಲಿ ಚುರುಕು, ಮಾತಿನಲ್ಲಿ ಜಾಣ, ಅಂಗಡಿಗೆ ಕಳುಹಿಸಿದರೆ ಚಿಲ್ಲರೆ ಸರಿಯಾಗಿ ತರುತ್ತಾನೆ, ಆದರೆ ಪುಸ್ತಕ ತೆರೆದರೆ ಅಕ್ಷರಗಳು ಕಲಸಿಹೋಗುತ್ತವೆ. ಇದನ್ನು ಮದ್ರಸದಲ್ಲಿ ಕಲಿಸುವ ನಮ್ಮಂಥವರು ಬಹಳ ಬೇಗ ಗುರುತಿಸಬಹುದು. ನಾವು ಹೇಳಿಕೊಟ್ಟದ್ದನ್ನು ಕೇಳಿ ಕೇಳಿಯೇ ಚಿಕ್ಕ ಸೂರಾಗಳನ್ನು ತಪ್ಪಿಲ್ಲದೆ ಒಪ್ಪಿಸುವ ಮಗು, ಅದೇ ಸೂರಾವನ್ನು ಪುಟದಲ್ಲಿ ತೋರಿಸಿ ಓದು ಎಂದರೆ ತಡಬಡಾಯಿಸುತ್ತದೆ. ಬಾ, ತಾ, ಸಾ ಈ ಮೂರು ಅಕ್ಷರಗಳ ಆಕಾರ ಒಂದೇ, ಚುಕ್ಕೆಗಳು ಮಾತ್ರ ಬೇರೆ. ಆ ಚುಕ್ಕೆಯ ಲೆಕ್ಕವೇ ಆ ಮಗುವಿಗೆ ವರ್ಷ ಕಳೆದರೂ ಹಿಡಿತಕ್ಕೆ ಬರುವುದಿಲ್ಲ. ಕಿವಿಯಿಂದ ಕಲಿಯುವ ಮಗುವಿಗೆ ಬುದ್ಧಿ ಇಲ್ಲ ಎನ್ನಲಾದೀತೇ? ಇಂತಹ ಮಗುವಿಗೆ ಬೆತ್ತ ತೋರಿಸುವ ಉಸ್ತಾದರೂ ಇದ್ದಾರೆ, ಟೀಚರುಗಳೂ ಇದ್ದಾರೆ. ಬೆತ್ತದಿಂದ ಚುಕ್ಕೆ ಸರಿಹೋಗುವುದಿಲ್ಲ.

ಈ ತೊಂದರೆಗೆ ಡಿಸ್ಲೆಕ್ಸಿಯಾ ಎಂಬ ಹೆಸರಿದೆ. 2007ರಲ್ಲಿ ಬಂದ 'ತಾರೇ ಜಮೀನ್ ಪರ್' ಚಿತ್ರದಿಂದಾಗಿ ಈ ಹೆಸರು ಹಲವರ ಕಿವಿಗೆ ಬಿದ್ದಿತು. ಆದರೆ ಕಲಿಕೆಯಲ್ಲಿ ಹಿಂದುಳಿದವರೆಲ್ಲ ಡಿಸ್ಲೆಕ್ಸಿಯಾದವರಲ್ಲ. ಮೊದಲು ನೋಡಬೇಕಾದದ್ದು ಕಿವಿ ಮತ್ತು ಕಣ್ಣು. ಒಂದು ಕಿವಿ ಮಂದವಾಗಿರುವ ಮಗು ಹಿಂದಿನ ಬೆಂಚಿನಲ್ಲಿ ಕುಳಿತು ಅರ್ಧ ಪಾಠ ಕೇಳಿಸಿಕೊಳ್ಳದೆಯೇ 'ದಡ್ಡ' ಎನಿಸಿಕೊಂಡಿರಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಇವೆರಡನ್ನೂ ಪರೀಕ್ಷಿಸುತ್ತಾರೆ. ಮಾತು ಮತ್ತು ಶ್ರವಣದ ಸಮಸ್ಯೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೂ ಸರಕಾರಿ ಶಾಲೆಗೂ ಬರುತ್ತದೆ. ಅವರು ಬಂದ ದಿನ ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ.

ಇನ್ನೊಂದು ವಿಷಯ ನಮ್ಮ ಮನೆಗಳಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಮನೆಯಲ್ಲಿ ಬ್ಯಾರಿ ಅಥವಾ ಉರ್ದು, ಮದ್ರಸದಲ್ಲಿ ಅರಬಿ, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಆರು ವರ್ಷದ ಮಗು ನಾಲ್ಕು ಭಾಷೆಗಳ ನಡುವೆ ಓಡಾಡುತ್ತಿರುತ್ತದೆ. ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ ಉತ್ತರಿಸದಿದ್ದರೆ ಅದು ಭಾಷೆಯ ತೊಡಕೋ ಕಲಿಕೆಯ ತೊಡಕೋ ಎಂದು ನೋಡಬೇಡವೇ? ಅದೇ ಪ್ರಶ್ನೆಯನ್ನು ಮನೆಯ ಮಾತಿನಲ್ಲಿ ಕೇಳಿ. ಪಟಪಟನೆ ಉತ್ತರಿಸಿದರೆ ಮಗುವಿಗೆ ಬೇಕಾಗಿರುವುದು ಇಂಗ್ಲಿಷಿಗೆ ಹೊಂದಿಕೊಳ್ಳಲು ಸಮಯ. ಎಲ್ಲ ಭಾಷೆಗಳಲ್ಲೂ ಓದು ಬರಹ ಮಾತ್ರ ಕೈಕೊಡುತ್ತಿದ್ದರೆ, ಅಥವಾ ಮನೆಯ ಮಾತಿನಲ್ಲೂ ಅರ್ಥವಾಗದಿದ್ದರೆ ತಜ್ಞರಿಗೆ ತೋರಿಸುವ ಸಮಯ ಬಂದಿದೆ ಎಂದು ತಿಳಿಯಿರಿ. ಈ ಒಂದು ಸಂಗತಿಯನ್ನು ಶಾಲೆಯವರಿಗಾಗಲಿ ವೈದ್ಯರಿಗಾಗಲಿ ನೀವು ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಮನೆಯೊಳಗಿನ ಮಾತನ್ನು ಇಲ್ಲಿ ಹೆಚ್ಚು ಬರೆಯುವುದಿಲ್ಲ. ದೃಷ್ಟಿಯಾಗಿದೆ ಎನ್ನುವ ಅತ್ತೆ, ನಿನ್ನ ತವರಿನ ಕಡೆಯಿಂದ ಬಂದದ್ದು ಎನ್ನುವ ನಾದಿನಿ, ಡಾಕ್ಟರ ಬಳಿ ಹೋದರೆ ನಾಳೆ ಹುಡುಗಿಯ ಮದುವೆಗೆ ತೊಂದರೆ ಎನ್ನುವ ನೆರೆಯವರು, ಇವರೆಲ್ಲ ನಿಮಗೆ ಗೊತ್ತಿರುವವರೇ. ದುವಾ ಮಾಡುವುದಕ್ಕೂ ಕಿವಿಯ ಪರೀಕ್ಷೆ ಮಾಡಿಸುವುದಕ್ಕೂ ಯಾವ ವಿರೋಧವೂ ಇಲ್ಲ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಈಗ ಕಾನೂನಿನ ವಿಷಯ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. 1995ರ ಹಳೆಯ ಕಾಯಿದೆಯಲ್ಲಿ 7 ಬಗೆಯ ವೈಕಲ್ಯಗಳಷ್ಟೇ ಇದ್ದವು. ಹೊಸದರಲ್ಲಿ 21 ಇವೆ. ಕಲಿಕಾ ನ್ಯೂನತೆಯೂ ಆಟಿಸಂ ಕೂಡಾ ಆ ಪಟ್ಟಿಗೆ ಸೇರಿವೆ. ಇದರ 16ನೇ ಕಲಮನ್ನು ನೀವು ನೆನಪಿಟ್ಟುಕೊಳ್ಳಬೇಕು. ಸರಕಾರದ ಹಣ ಪಡೆಯುವ ಶಾಲೆ ಮಾತ್ರವಲ್ಲ, ಸರಕಾರದ ಮಾನ್ಯತೆ ಪಡೆದ ಶಾಲೆಯೂ ಇದರೊಳಗೆ ಬರುತ್ತದೆ. ಇಂತಹ ಶಾಲೆಗಳು ಭೇದ ಮಾಡದೆ ಮಗುವನ್ನು ಸೇರಿಸಿಕೊಳ್ಳಬೇಕು, ಅದರ ಅಗತ್ಯಕ್ಕೆ ತಕ್ಕ ಹೊಂದಾಣಿಕೆಗಳನ್ನು ಮಾಡಿಕೊಡಬೇಕು, ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ ಅದಕ್ಕೆ ತಕ್ಕ ಬೋಧನಾ ಕ್ರಮ ಕೈಗೊಳ್ಳಬೇಕು. ಇವು ನಡೆಯುವಂತೆ ನೋಡಿಕೊಳ್ಳುವ ಹೊಣೆಯನ್ನು ಕಾಯಿದೆ ಸರಕಾರದ ಮೇಲೆ ಹೊರಿಸಿದೆ. ಗುರುತಿಸುವುದೂ ಶಾಲೆಯ ಕೆಲಸವೇ ಎಂಬುದನ್ನು ಗಮನಿಸಿ. "ಸರ್ಟಿಫಿಕೇಟ್ ತನ್ನಿ, ಆಮೇಲೆ ನೋಡೋಣ" ಎನ್ನುವುದು ಆ ಕಲಮಿನ ಉದ್ದೇಶಕ್ಕೆ ಒಪ್ಪುವ ಮಾತಲ್ಲ.

ಕಡ್ಡಾಯ ಶಿಕ್ಷಣ ಕಾಯಿದೆ ಎಂದು ನಾವು ಕರೆಯುವ 2009ರ ಕಾಯಿದೆಯೂ ಇದೆ. 8ನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ, ಹೊಡೆಯುವಂತಿಲ್ಲ, ಮಾನಸಿಕವಾಗಿ ಹಿಂಸಿಸುವಂತಿಲ್ಲ ಎಂದು ಅದು ಹೇಳುತ್ತದೆ. 2019ರ ತಿದ್ದುಪಡಿಯಿಂದಾಗಿ 5 ಮತ್ತು 8ನೇ ತರಗತಿಯಲ್ಲಿ ಮಗುವನ್ನು ಅದೇ ತರಗತಿಯಲ್ಲಿ ಉಳಿಸಿಕೊಳ್ಳಲು ಸರಕಾರಗಳು ಅವಕಾಶ ಕೊಡಬಹುದಾಗಿದೆ. ಆದರೆ ಹೊರಹಾಕಬಾರದೆಂಬ ಮಾತು ಹಾಗೆಯೇ ಉಳಿದಿದೆ.

ಇಲ್ಲೊಂದು ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಅನೇಕರು ಮಕ್ಕಳನ್ನು ಕಳುಹಿಸುವುದು ನಮ್ಮವರದೇ ಶಾಲೆಗೆ, ಇಲ್ಲವೇ ಕ್ರೈಸ್ತರ ಶಾಲೆಗೆ. ಇವುಗಳಲ್ಲಿ ಹಲವು ಅಲ್ಪಸಂಖ್ಯಾತ ಸಂಸ್ಥೆಗಳು. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಕಡ್ಡಾಯ ಶಿಕ್ಷಣ ಕಾಯಿದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸುವುದಿಲ್ಲ ಎಂದು ತೀರ್ಪು ನೀಡಿತು. ಅದು ಸರಿಯೇ ಎಂದು 2025ರ ಸೆಪ್ಟೆಂಬರಿನಲ್ಲಿ ಅದೇ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಸಂಶಯ ಪಟ್ಟು, ದೊಡ್ಡ ಪೀಠದ ಮುಂದೆ ಇಡುವಂತೆ ಮುಖ್ಯ ನ್ಯಾಯಮೂರ್ತಿಯವರಿಗೆ ಕಳುಹಿಸಿದ್ದಾರೆ. ಕೆಲವು ಆಡಳಿತ ಮಂಡಳಿಯವರು ಈ 2014ರ ತೀರ್ಪನ್ನು ಬಾಯಿಪಾಠ ಮಾಡಿಕೊಂಡಿದ್ದಾರೆ. ತಾಯಿಯೊಬ್ಬಳು ಬಂದು ಕೇಳಿದರೆ "ಆ ಕಾನೂನು ನಮಗಿಲ್ಲ" ಎಂದು ಹೇಳಿ ಕಳುಹಿಸುತ್ತಾರೆ. ಆ ತೀರ್ಪು ಇರುವುದು 2009ರ ಕಾಯಿದೆಯ ಬಗ್ಗೆ. ವಿಕಲಚೇತನರ ಕಾಯಿದೆಯ 16ನೇ ಕಲಮಿನಲ್ಲಿ ಅಲ್ಪಸಂಖ್ಯಾತ ಶಾಲೆಗೆ ಬೇರೆ ನಿಯಮ ಎಂಬ ಮಾತೇ ಇಲ್ಲ. ಸಮುದಾಯದ ಹೆಸರಿನಲ್ಲಿ ದೇಣಿಗೆ ಎತ್ತಿ ಕಟ್ಟಿದ ಶಾಲೆ ಅದೇ ಸಮುದಾಯದ ಒಂದು ಮಗುವನ್ನು ಶೇಕಡಾ ನೂರು ಫಲಿತಾಂಶಕ್ಕೆ ಅಡ್ಡಿ ಎಂದು ಹೊರಗೆ ಕಳುಹಿಸುವುದಾದರೆ ನಮ್ಮದೆಂದು ಒಂದು ಶಾಲೆ ಏಕೆ ಬೇಕಿತ್ತು? ಜಮಾಅತಿನ ಸಭೆಗಳಲ್ಲಿ ಇದನ್ನು ಕೇಳುವ ಗಂಡಸರು ಇನ್ನೂ ಕಾಣುತ್ತಿಲ್ಲ. ಹೆಂಗಸರಾದರೂ ಮನೆಯಲ್ಲಿ ಕೇಳಬಹುದು.

ಕಾನೂನು ಇದ್ದರೆ ಸಾಕಾಗುವುದಿಲ್ಲ ಎಂದು ನೀವು ಹೇಳುವಿರಿ. ನಿಜ. ಸುಪ್ರೀಂ ಕೋರ್ಟು 2021ರ ಅಕ್ಟೋಬರಿನಲ್ಲಿ ಪ್ರಾಥಮಿಕ ಹಂತದಲ್ಲಿ ಇಂತಹ 10 ಮಕ್ಕಳಿಗೆ ಒಬ್ಬರು, ಅದರ ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಇರಬೇಕೆಂದು ಹೇಳಿತು. ನಿಮ್ಮ ಊರಿನ ಶಾಲೆಗಳಲ್ಲಿ ಒಮ್ಮೆ ವಿಚಾರಿಸಿ ನೋಡಿ. ಆದ್ದರಿಂದಲೇ ನಾನು ಹೇಳುವುದು, ಬಾಯಿಮಾತಿನಲ್ಲಿ ಕೇಳಬೇಡಿ, ಬರೆದು ಕೇಳಿ. ಶಾಲೆಯ ಕೊಠಡಿಯಲ್ಲಿ ನೀವು ಅತ್ತದ್ದಕ್ಕೆ ದಾಖಲೆ ಇಲ್ಲ. ನೀವು ಕೊಟ್ಟ ಪತ್ರಕ್ಕೆ ದಾಖಲೆ ಇದೆ.

ಪತ್ರ ಹೇಗಿರಬೇಕು? ಸರಳವಾದ ಕನ್ನಡದಲ್ಲಿ, ಒಂದೇ ಪುಟದಲ್ಲಿ. ಮುಖ್ಯೋಪಾಧ್ಯಾಯರ ಹೆಸರಿಗೆ, ಮೇಲೆ ತಾರೀಕು ಹಾಕಿ ಹೀಗೆ ಬರೆಯಬಹುದು:

"ಮಾನ್ಯರೇ, ನನ್ನ ಮಗ ನಿಮ್ಮ ಶಾಲೆಯ 4ನೇ ತರಗತಿಯಲ್ಲಿ ಕಲಿಯುತ್ತಿದ್ದಾನೆ. ಓದುವುದರಲ್ಲಿ ಮತ್ತು ಬರೆಯುವುದರಲ್ಲಿ ಅವನಿಗೆ ತೊಂದರೆ ಇದೆ ಎಂದು ತರಗತಿಯ ಶಿಕ್ಷಕಿಯವರು ಇಂತಿಂತಹ ದಿನಾಂಕಗಳಂದು ನನಗೆ ತಿಳಿಸಿದ್ದಾರೆ. ನಾವು ವೈದ್ಯರ ಬಳಿ ಪರೀಕ್ಷೆ ಮಾಡಿಸುತ್ತಿದ್ದೇವೆ. ಅವನು ಇದೇ ಶಾಲೆಯಲ್ಲಿ ಕಲಿಯಬೇಕೆಂಬುದು ನಮ್ಮ ಅಪೇಕ್ಷೆ. ವಿಕಲಚೇತನರ ಹಕ್ಕುಗಳ ಕಾಯಿದೆ 2016ರ 16ನೇ ಕಲಮಿನಂತೆ ಈ ಕೆಳಗಿನ ಅನುಕೂಲಗಳನ್ನು ಮಾಡಿಕೊಡಬೇಕಾಗಿ ವಿನಂತಿ. ಇದರ ಬಗ್ಗೆ ಮಾತಾಡಲು ಒಂದು ದಿನ ನಿಗದಿಪಡಿಸಬೇಕಾಗಿಯೂ, ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕಾಗಿಯೂ ಕೋರುತ್ತೇನೆ."

'ಈ ಕೆಳಗಿನ ಅನುಕೂಲ' ಎಂಬಲ್ಲಿ ಏನು ಬರೆಯುತ್ತೀರಿ ಎಂಬುದೇ ಮುಖ್ಯ. "ನನ್ನ ಮಗನ ಬಗ್ಗೆ ಸ್ವಲ್ಪ ಹೆಚ್ಚು ಗಮನ ಕೊಡಿ" ಎಂದು ಬರೆದರೆ ಪ್ರಯೋಜನವಿಲ್ಲ. "ಕೊಡುತ್ತಿದ್ದೇವೆ" ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ಲೆಕ್ಕ ಹಾಕಬಹುದಾದ, ಮಾಡಿದ್ದಾರೋ ಇಲ್ಲವೋ ಎಂದು ನೋಡಬಹುದಾದ ಸಣ್ಣ ಸಂಗತಿಗಳನ್ನು ಕೇಳಿ. ಮುಂದಿನ ಬೆಂಚಿನಲ್ಲಿ ಕುಳ್ಳಿರಿಸುವುದು. ಎಲ್ಲರ ಮುಂದೆ ಎದ್ದು ನಿಂತು ಗಟ್ಟಿಯಾಗಿ ಓದಲು ಹೇಳದಿರುವುದು. ಹಲಗೆಯ ಮೇಲಿನದ್ದನ್ನು ಪೂರ್ತಿ ನಕಲು ಮಾಡಲಾಗದಿದ್ದರೆ ಪಕ್ಕದವನ ನೋಟ್ಸ್ ಪ್ರತಿ ಮಾಡಿಕೊಳ್ಳಲು ಬಿಡುವುದು. ಸಮಾಜ, ವಿಜ್ಞಾನದ ಕಿರುಪರೀಕ್ಷೆಯಲ್ಲಿ ಬಾಯಲ್ಲಿ ಉತ್ತರ ಕೇಳಿ ಅಂಕ ಕೊಡುವುದು. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ. ಕಾಗುಣಿತದ ತಪ್ಪಿಗೆ ಭಾಷೆಯ ವಿಷಯ ಬಿಟ್ಟು ಬೇರೆಲ್ಲೂ ಅಂಕ ಕಳೆಯದಿರುವುದು. ಇವುಗಳಲ್ಲಿ ನಾಲ್ಕನ್ನು ಆರಿಸಿಕೊಂಡರೆ ಸಾಕು. ಯಾವುದಕ್ಕೂ ಶಾಲೆಗೆ ಹಣ ಖರ್ಚಾಗುವುದಿಲ್ಲ, ಆದ್ದರಿಂದ ಆಗುವುದಿಲ್ಲ ಎನ್ನಲು ಅವರಿಗೂ ಕಷ್ಟ. ನಗರದ ಕೆಲವು ದುಬಾರಿ ಶಾಲೆಗಳು ಮಗುವಿನ ಪಕ್ಕದಲ್ಲಿ ಕೂರಲು ಒಬ್ಬ ಸಹಾಯಕಿಯನ್ನು ನೀವೇ ಸಂಬಳ ಕೊಟ್ಟು ಇಡಬೇಕು ಎನ್ನುವುದಿದೆ. ಅದಕ್ಕೆ ಆತುರದಿಂದ ಒಪ್ಪಬೇಡಿ. ಹೊಂದಾಣಿಕೆ ಮಾಡಿಕೊಡಬೇಕಾದದ್ದು ಶಾಲೆ.

ಪತ್ರದ ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಶಾಲೆಯ ಮೊಹರು, ಸಹಿ, ತಾರೀಕು ಹಾಕಿಸಿಕೊಳ್ಳಿ. ಹಾಕಿಕೊಡದಿದ್ದರೆ ಜಗಳ ಬೇಡ, ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ ರಶೀದಿ ಇಟ್ಟುಕೊಳ್ಳಿ. ಗಂಡ ಸೌದಿಯಲ್ಲೋ ದುಬೈಯಲ್ಲೋ ಇದ್ದಾರೆ, ಅವರು ರಜೆಯಲ್ಲಿ ಬಂದ ಮೇಲೆ ಕೊಡೋಣ ಎಂದು ಎಷ್ಟೋ ಸಹೋದರಿಯರು ಕಾಯುತ್ತಾರೆ. ಕಾಯುವುದು ಬೇಡ. ನೀವು ಮಗುವಿನ ತಾಯಿ, ನಿಮ್ಮ ಸಹಿ ಸಾಕು. ಆದರೆ ಮಾತಾಡಲು ಹೋಗುವಾಗ ಒಬ್ಬರೇ ಹೋಗಬೇಡಿ. ತಮ್ಮನೋ, ಓದಿದ ಅಕ್ಕನ ಮಗಳೋ ಜೊತೆಯಲ್ಲಿರಲಿ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬರೆದುಕೊಳ್ಳಬೇಕು. ಇದಕ್ಕಾಗಿ ಒಂದು ನೂರು ಪುಟದ ಪುಸ್ತಕವನ್ನು ಬೇರೆಯೇ ಇಡಿ. ಯಾವ ದಿನ ಯಾರು ಏನು ಹೇಳಿದರು, ಮಗು ಯಾವ ದಿನ ಅಳುತ್ತಾ ಬಂದ, ಯಾವ ದಿನ ಹೊಟ್ಟೆನೋವೆಂದು ಶಾಲೆಗೆ ಹೋಗಲಿಲ್ಲ, ಎಲ್ಲವನ್ನೂ ಬರೆದಿಡಿ. ಹೊಟ್ಟೆನೋವು ಯಾವಾಗಲೂ ಇಂಗ್ಲಿಷ್ ಕಾಪಿ ಬರೆಸುವ ದಿನವೇ ಬರುತ್ತದೆ ಎಂಬುದು ಎರಡು ತಿಂಗಳ ನಂತರ ಆ ಪುಸ್ತಕದಿಂದಲೇ ತಿಳಿಯುತ್ತದೆ.

ತರಗತಿಯ ಟೀಚರನ್ನು ಶತ್ರುವೆಂದು ಮಾತ್ರ ತಿಳಿಯಬೇಡಿ. ಐವತ್ತು ಮಕ್ಕಳನ್ನು ಎದುರಿಗೆ ಕುಳ್ಳಿರಿಸಿಕೊಂಡು, ವಿಶೇಷ ತರಬೇತಿ ಯಾವುದೂ ಇಲ್ಲದೆ, ಸಣ್ಣ ಸಂಬಳಕ್ಕೆ ದುಡಿಯುವ ಹೆಣ್ಣುಮಗಳು ಆಕೆ. ಎಷ್ಟೋ ಸಲ ಮಗುವನ್ನು ಉಳಿಸಿಕೊಳ್ಳಬೇಕೆಂಬ ಮನಸ್ಸು ಆಕೆಗಿರುತ್ತದೆ, ಮೇಲಿನವರಿಗೆ ಹೇಳಲು ಧೈರ್ಯವಿರುವುದಿಲ್ಲ. ನಿಮ್ಮ ಪತ್ರ ಆಕೆಗೂ ಒಂದು ಆಧಾರವಾಗುತ್ತದೆ.

ನನಗೆ ಪರಿಚಯದ ಒಬ್ಬ ಸಹೋದರಿ ಎರಡು ವರ್ಷಗಳ ಹಿಂದೆ ಹೀಗೆಯೇ ಮಾಡಿದರು. ಆಕೆ ಎಸೆಸೆಲ್ಸಿವರೆಗೆ ಓದಿದವರು, ಬೀಡಿ ಕಟ್ಟುತ್ತಾರೆ. ಪತ್ರ ಕೊಟ್ಟ ಮೇಲೆ ಮೂರು ವಾರ ಶಾಲೆಯಿಂದ ಉತ್ತರವೇ ಬರಲಿಲ್ಲ. ಎರಡನೇ ಪತ್ರದ ಕೆಳಗೆ 'ಪ್ರತಿ: ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ' ಎಂಬ ಒಂದು ಸಾಲು ಸೇರಿಸಿ ಕೊಟ್ಟರು. ಮರುದಿನವೇ ಕರೆ ಬಂತು. ಕೇಳಿದ ನಾಲ್ಕರಲ್ಲಿ ಮೂರನ್ನು ಒಪ್ಪಿದರು. ಹೆಚ್ಚಿನ ಸಮಯ ಮಾತ್ರ ಕೊಡಲಾಗದು ಎಂದರು. ಅದಕ್ಕಾಗಿ ಆಕೆ ಮುಂದಿನ ವರ್ಷ ಮತ್ತೆ ಬರೆದರು. ಹುಡುಗ ಈಗ 6ನೇ ತರಗತಿ. ಓದು ಇನ್ನೂ ನಿಧಾನವೇ, ಆದರೆ ವಿಜ್ಞಾನದಲ್ಲಿ ಬಾಯಲ್ಲಿ ಹೇಳಿ ಒಳ್ಳೆಯ ಅಂಕ ತೆಗೆಯುತ್ತಾನೆ.

ಸರಕಾರಿ ಶಾಲೆಯಲ್ಲಿ ಮಗು ಇದ್ದರೆ ದಾರಿ ಸ್ವಲ್ಪ ಬೇರೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿಯೇ ಬ್ಲಾಕಿನ ಮಟ್ಟದಲ್ಲಿ ಸಂಪನ್ಮೂಲ ಶಿಕ್ಷಕರಿದ್ದಾರೆ. ಇಲಾಖೆಯಲ್ಲಿ ಅವರನ್ನು ಬಿ.ಐ.ಇ.ಆರ್.ಟಿ. ಎಂದು ಕರೆಯುತ್ತಾರೆ. ಬಿ.ಇ.ಒ. ಕಚೇರಿಯಲ್ಲಿ ಅಥವಾ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಚಾರಿಸಿ. ತಾಲೂಕಿನಲ್ಲಿ ವೈದ್ಯಕೀಯ ತಪಾಸಣಾ ಶಿಬಿರ ಯಾವಾಗ ಎಂದೂ ಅಲ್ಲಿಯೇ ತಿಳಿಯುತ್ತದೆ. ಶಾಲೆಗೆ ಬರಲಾಗದಷ್ಟು ತೀವ್ರ ತೊಂದರೆ ಇರುವ ಮಗುವಿಗೆ ಮನೆಗೇ ಬಂದು ಕಲಿಸುವ ಗೃಹಾಧಾರಿತ ಶಿಕ್ಷಣದ ವ್ಯವಸ್ಥೆಯೂ ಇದೆ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಎಂದು ಪ್ರಮಾಣಪತ್ರ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ನೆರೆಯ ಶಾಲೆಯಲ್ಲಿ ಅಥವಾ ತಾವು ಬಯಸಿದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕನ್ನು 2016ರ ಕಾಯಿದೆಯೇ ಕೊಟ್ಟಿದೆ.

ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು. ಗಂಡುಹುಡುಗ ಓದಲಾಗದಿದ್ದರೆ ಗಲಾಟೆ ಮಾಡುತ್ತಾನೆ, ಆದ್ದರಿಂದ ದೂರಾದರೂ ಬರುತ್ತದೆ. ಹುಡುಗಿ ಸುಮ್ಮನೆ ಕುಳಿತುಕೊಳ್ಳುತ್ತಾಳೆ. ಅಂದವಾಗಿ ನಕಲು ಮಾಡಿದ ಪುಸ್ತಕ ನೋಡಿ ಎಲ್ಲರೂ ಸರಿಯಿದೆ ಎಂದುಕೊಳ್ಳುತ್ತಾರೆ. 7ನೇ ತರಗತಿಗೆ ಬಂದಾಗ "ಇವಳಿಗೆ ಓದು ಹತ್ತುವುದಿಲ್ಲ, ಮನೆಕೆಲಸ ಕಲಿಯಲಿ" ಎಂದು ಬಿಡಿಸಿಬಿಡುತ್ತಾರೆ. ಟಿ.ಸಿ. ಕೇಳಲು ಶಾಲೆಯವರು ಹೇಳಬೇಕಾಗಿಯೇ ಇಲ್ಲ, ನಾವೇ ಹೋಗಿ ತರುತ್ತೇವೆ. ನಿಮ್ಮ ಮಗಳಿಗೆ ಅವಳೇ ಬರೆದ ಪುಟವನ್ನು ತೋರಿಸಿ ಓದಲು ಹೇಳಿ. ನಕಲು ಮಾಡಿದ್ದನ್ನು ಅವಳಿಗೇ ಓದಲಾಗದಿದ್ದರೆ ನಾಳೆಯೇ ಶಾಲೆಗೆ ಹೋಗಿ.

ಪ್ರಮಾಣಪತ್ರಕ್ಕೆ ಯು.ಡಿ.ಐ.ಡಿ. ಜಾಲತಾಣದಲ್ಲಿ ಅರ್ಜಿ ಹಾಕಬೇಕು, ಸೈಬರ್ ಅಂಗಡಿಯವರು ಮಾಡಿಕೊಡುತ್ತಾರೆ. ಕಲಿಕಾ ನ್ಯೂನತೆಗೆ ಸಾಮಾನ್ಯವಾಗಿ 8 ವರ್ಷ ತುಂಬುವ ಮೊದಲು ಪ್ರಮಾಣಪತ್ರ ಕೊಡುವುದಿಲ್ಲ. ಹಾಗೆಂದು ಅಲ್ಲಿಯವರೆಗೆ ಅನುಕೂಲಗಳನ್ನು ಕೇಳಬಾರದೆಂದಿಲ್ಲ. ಪತ್ರಕ್ಕೆ ಶಾಲೆ ಉತ್ತರಿಸದಿದ್ದರೆ ಬಿ.ಇ.ಒ., ನಂತರ ಜಿಲ್ಲೆಯ ಉಪನಿರ್ದೇಶಕರು. ಅಲ್ಲಿ ಕೊಟ್ಟ ಅರ್ಜಿಗೆ ಹಿಂಬರಹ ಕೇಳಿ ಪಡೆಯಿರಿ. ಅಲ್ಲಿಯೂ ಆಗದಿದ್ದರೆ ವಿಕಲಚೇತನರ ರಾಜ್ಯ ಆಯುಕ್ತರ ಕಚೇರಿ ಬೆಂಗಳೂರಿನಲ್ಲಿದೆ, ದೂರನ್ನು ಅಂಚೆಯಲ್ಲೂ ಕಳುಹಿಸಬಹುದು.

ಕೊನೆಯದಾಗಿ ಎಸೆಸೆಲ್ಸಿ. ಹೆಚ್ಚಿನ ಸಮಯ, ಉತ್ತರ ಬರೆಯಲು ಲಿಪಿಕಾರ, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ, ಇವೆಲ್ಲ ಅದೇ ಕಾಯಿದೆಯ 17ನೇ ಕಲಮಿನಲ್ಲಿ ಹೆಸರು ಹೇಳಿ ಸೇರಿಸಿರುವಂಥವು. ಆದರೆ ಪರೀಕ್ಷೆಗೆ ನೋಂದಣಿ ಮಾಡುವಾಗಲೇ ದಾಖಲೆಗಳೊಂದಿಗೆ ಶಾಲೆಯ ಮೂಲಕ ಅರ್ಜಿ ಹೋಗಬೇಕು. ಫೆಬ್ರವರಿಯಲ್ಲಿ ಓಡಾಡಿದರೆ ಆಗುವುದಿಲ್ಲ. ನಿಮ್ಮ ಮಗು ಈಗ 8ನೇ ತರಗತಿಯಲ್ಲಿದ್ದರೆ ಈ ಬೇಸಿಗೆ ರಜೆಯಲ್ಲೇ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹೋಗುವಾಗ ಆ ನೂರು ಪುಟದ ಪುಸ್ತಕವನ್ನೂ, ಮಗುವಿನ ಎರಡು ಹಳೆಯ ನೋಟ್ಸ್ ಪುಸ್ತಕಗಳನ್ನೂ ಚೀಲದಲ್ಲಿ ಹಾಕಿಕೊಳ್ಳಿ, ವೈದ್ಯರು ಕೇಳುತ್ತಾರೆ.